ನೆನೆದ ಇಟ್ಟಿಗೆಯ ಬಣ್ಣ

ಅಜ್ಜಿಯ ಹತ್ತಿರ ಗಂಡನ ದನಿ ಇರಲಿಲ್ಲ.

ಮಿಕ್ಕಿದ್ದೆಲ್ಲ ಇತ್ತು. ನಡುಮನೆಯ ಗೋಡೆಯಲ್ಲಿ ಫೋಟೋ, ಮೇಜಿನ ಖಾನೆಯಲ್ಲಿ ಕನ್ನಡಕ, ಬಾಗಿಲ ಹಿಂದಿನ ಮೊಳೆಯಲ್ಲಿ ಛತ್ರಿ. ಹಿಮ್ಮಡಿ ಸವೆದ ಚಪ್ಪಲಿಯನ್ನು ಸಹ ಯಾರೂ ಎಸೆದಿರಲಿಲ್ಲ. ದನಿಯನ್ನು ಮಾತ್ರ ಯಾರೂ ಎತ್ತಿಟ್ಟಿರಲಿಲ್ಲ. ನೆಂಟರ ಮದುವೆಯೊಂದರ ವಿಡಿಯೋದಲ್ಲಿ ಆತ ಬಾಯಿ ಆಡಿಸುವುದು ಕಾಣುತ್ತಿತ್ತು. ಅದರ ಮೇಲೆ ಯಾರೋ ಹಾಡು ಹಾಕಿ ಕೂರಿಸಿದ್ದರು. ಫೋನಿನಲ್ಲಿ ಮಾತಾಡುವುದೆಂದರೆ ಆತನಿಗೆ ಆಗುತ್ತಿರಲಿಲ್ಲ. "ಮನೆಗೆ ಬಂದು ಹೇಳ್ತೀನಿ" ಎಂದು ಇಟ್ಟುಬಿಡುತ್ತಿದ್ದ.

ಬೇರೆಯವರಿಗಾದರೆ ದನಿ ಹೋದಾಗ ದನಿಯೊಂದೇ ಹೋಗುತ್ತದೆ. ಅಜ್ಜಿಗೆ ಹಾಗಲ್ಲ. ಅವಳಿಗೆ ಸದ್ದು ಕಾಣುತ್ತಿತ್ತು. ಕುಕ್ಕರ್ ಸೀಟಿ ಹೊಡೆದರೆ ಬಿಳಿ ಗೀರು. ನಲ್ಲಿ ತೊಟ್ಟಿಕ್ಕಿದರೆ ಹಳದಿ ಚುಕ್ಕೆ. ಕಣ್ಣಿಗೆ ಅಡ್ಡ ಬರುತ್ತಿರಲಿಲ್ಲ, ಒಂದು ಮಾರು ದೂರದಲ್ಲಿ ಗಾಳಿಯಲ್ಲಿ ನಿಂತು ಸದ್ದಿನ ಜೊತೆಗೇ ಹೋಗುತ್ತಿತ್ತು. ಚಿಕ್ಕವಳಿದ್ದಾಗ ಪಕ್ಕದ ಮನೆಯವರ ಕೆಮ್ಮು ನೇರಳೆ ಬಣ್ಣ ಎಂದಿದ್ದಕ್ಕೆ ಅವಳಮ್ಮ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿದ್ದಳು. ಡಾಕ್ಟರು ಗೋಡೆಯ ಅಕ್ಷರಗಳನ್ನೆಲ್ಲ ಓದಿಸಿ, "ಕಣ್ಣು ಚೆನ್ನಾಗಿದೆ, ಬಾಯಿ ಸ್ವಲ್ಪ ಜಾಸ್ತಿ" ಎಂದು ಕಳಿಸಿದರು. ಅವತ್ತು ಮುಚ್ಚಿದ ಬಾಯಿಯನ್ನು ಅವಳು ಬಿಟ್ಟಿದ್ದು ಮದುವೆಯಾದ ವರ್ಷ, ಗಂಡನ ಮುಂದೆ.

ಆತ ಅಚ್ಚಿನಮನೆಯಲ್ಲಿ ಕರಡು ತಿದ್ದುತ್ತಿದ್ದ. ಉಳಿದ ಕೆಲಸವನ್ನು ಮನೆಗೆ ತಂದು, ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಪೆನ್ಸಿಲ್ಲಿನ ತುದಿಯನ್ನು ಸಾಲಿನ ಕೆಳಗೆ ಓಡಿಸುತ್ತ ಗಂಟಲೊಳಗೇ ಓದುತ್ತಿದ್ದ. ಗುರುತುಗಳನ್ನೂ ಬಿಡುತ್ತಿರಲಿಲ್ಲ. "ಸಭೆ ಮುಗಿಯಿತು ಪೂರ್ಣವಿರಾಮ ಮರುದಿನ ಅಲ್ಪವಿರಾಮ ಅಧ್ಯಕ್ಷರು..." ಏರಿಲ್ಲ, ಇಳಿತವಿಲ್ಲ, ಒಂದೇ ಗುಂಯ್ ಎನ್ನುವ ಸದ್ದು. ಅವಳು ಒಲೆಯ ಮುಂದೆ ನಿಂತು ಅದನ್ನು ನೋಡುತ್ತಿದ್ದಳು.

"ನಿಮ್ಮ ದನಿ ಇಟಿಗೆ ಬಣ್ಣ. ನೆನೆದ ಇಟಿಗೆ," ಎಂದಳು ಒಂದು ದಿನ, ಧೈರ್ಯ ಮಾಡಿ.

"ಇಟ್ಟಿಗೆ. ಒತ್ತು ನುಂಗಬೇಡ," ಎಂದ ಆತ. ಆಮೇಲೆ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿ ಕೇಳಿದ, "ನೆನೆದದ್ದು ಯಾಕೆ?"

"ಒಣಗಿದ್ದು ಕಣ್ಣಿಗೆ ಹೊಡೆಯುತ್ತೆ. ನಿಮ್ಮದು ಹೊಡೆಯಲ್ಲ."

"ಸದ್ಯ. ಕೆಸರು ಅಂದಿದ್ರೆ ಬೇಜಾರಾಗ್ತಿತ್ತು."

ಅಷ್ಟೇ. ನಗಲಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ. ಮುಂದೆ ಯಾವಾಗಲಾದರೂ ನೆಗಡಿಯಾದರೆ, "ಇವತ್ತು ಹೇಗಿದೆ ಇಟ್ಟಿಗೆ?" ಎಂದು ಕೇಳುತ್ತಿದ್ದ. "ಸುಣ್ಣ ಬಿದ್ದಿದೆ" ಎನ್ನುತ್ತಿದ್ದಳು.

ಆತ ಸತ್ತ ಮೇಲೆ ಅಜ್ಜಿಗೆ ಮಾತುಗಳು ನೆನಪಿಗೆ ಬರುತ್ತಿದ್ದವು, ಬಣ್ಣ ಬರುತ್ತಿರಲಿಲ್ಲ. ಸದ್ದು ಕಿವಿಗೆ ಬೀಳದೆ ಬಣ್ಣವಿಲ್ಲ. ನೆನೆದ ಇಟ್ಟಿಗೆಯನ್ನು ಮನೆ ಕಟ್ಟುವ ಕಡೆ ಎಲ್ಲಿ ಬೇಕಾದರೂ ನೋಡಬಹುದಿತ್ತು. ಅದು ಇಟ್ಟಿಗೆ, ಅಷ್ಟೆ.

ಎರಡು ವರ್ಷ ಕಳೆದ ಮೇಲೆ ಅಡುಗೆಮನೆಯ ಫ್ರಿಜ್ಜು ಸದ್ದು ಮಾಡಲು ಶುರು ಮಾಡಿತು. ಅಜ್ಜಿ ಬೀನ್ಸಿನ ನಾರು ತೆಗೆಯುತ್ತ ಕೂತಿದ್ದಳು. ಫ್ರಿಜ್ಜು ಒಮ್ಮೆ ಮೈ ಕೊಡವಿಕೊಂಡು ಗುಂಯ್ ಎಂದಿತು. ಒಂದು ಮಾರು ದೂರದಲ್ಲಿ ನೆನೆದ ಇಟ್ಟಿಗೆಯ ಬಣ್ಣ ಬಂದು ನಿಂತಿತು. ಅಜ್ಜಿಯ ಕೈಯಲ್ಲಿದ್ದ ಚಾಕು ಹಾಗೇ ನಿಂತಿತು. ಫ್ರಿಜ್ಜು ಢಗ್ ಎಂದು ಸುಮ್ಮನಾಗುವವರೆಗೂ ಅವಳು ಮಿಸುಕಲಿಲ್ಲ.

ಗಂಡ ಬಂದು ಫ್ರಿಜ್ಜಿನೊಳಗೆ ಕೂತಿದ್ದಾನೆ ಎಂದು ನಂಬುವಷ್ಟು ಅವಳ ತಲೆ ಕೆಟ್ಟಿರಲಿಲ್ಲ. ಕೆಟ್ಟ ಯಂತ್ರದ ಸದ್ದು ಎಂದು ಗೊತ್ತಿತ್ತು. ಆದರೆ ಬಣ್ಣ ಅದೇ. ಮರುದಿನ ಅವಳು ನಡುಮನೆಯಲ್ಲಿದ್ದ ತನ್ನ ಕುರ್ಚಿಯನ್ನು ಎಳೆದು ತಂದು ಫ್ರಿಜ್ಜಿನ ಪಕ್ಕ ಹಾಕಿಕೊಂಡಳು. ತರಕಾರಿ ಹೆಚ್ಚುವುದು, ಬಟ್ಟೆ ಮಡಚುವುದು, ಕೊನೆಗೆ ಊಟ ಕೂಡ ಅಲ್ಲೇ. ಸದ್ದು ಬೇಗ ನಿಂತುಬಿಡುತ್ತದೆ ಎಂಬುದೊಂದೇ ಕೊರತೆ. ಬಾಗಿಲು ಒಂದಿಷ್ಟು ತೆರೆದಿದ್ದರೆ ನಿಲ್ಲುವುದಿಲ್ಲ ಎಂಬುದನ್ನೂ ಅವಳು ಕಂಡುಕೊಂಡಳು. ಸೋಪಿನ ಡಬ್ಬದ ರಟ್ಟನ್ನು ಮಡಚಿ ಬಾಗಿಲ ಸಂದಿಗೆ ಸಿಕ್ಕಿಸಿದರೆ ಸಾಕಿತ್ತು.

ಅಲ್ಲಿಂದ ಮನೆಯಲ್ಲಿ ಹಾಲು ಒಡೆಯತೊಡಗಿತು.

*

ಸೊಸೆ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಬಂದ ವಾರಗಳಲ್ಲಿ ಬೆಳಿಗ್ಗೆ ಮನೆಗೆ ಬಂದು ಮಲಗಬೇಕು. ಅವಳ ಮಂಚದ ತಲೆಯ ಕಡೆಗೆ ಗೋಡೆ, ಗೋಡೆಯ ಆಚೆಗೆ ಫ್ರಿಜ್ಜು. ಒಂದು ಬೆಳಿಗ್ಗೆ ಅವಳು ಬಂದು ಹಾಲು ಕಾಯಿಸಲು ಇಟ್ಟಳು. ಹಾಲು ಪಾತ್ರೆಯಲ್ಲೇ ಗಡ್ಡೆಗಡ್ಡೆಯಾಯಿತು.

"ಈ ವಾರ ಇದು ಎಷ್ಟನೇ ಸಲ?" ಎಂದಳು ಪಾತ್ರೆಯನ್ನು ಸಿಂಕಿಗೆ ಬಗ್ಗಿಸುತ್ತ.

ಮಗ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಅವನು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವ. ಇಡೀ ದಿನ ಹೆದರಿದವರ ಪಕ್ಕ ಕೂತು "ನಿಧಾನ, ಕ್ಲಚ್ ಬಿಡಿ, ಏನೂ ಆಗಲ್ಲ" ಎಂದು ಹೇಳಿ ಹೇಳಿ, ಸಮಾಧಾನವೆಲ್ಲ ಅಲ್ಲೇ ಖರ್ಚಾಗಿ ಹೋಗುತ್ತಿತ್ತು. "ಹೊಸದು ತಂದುಬಿಡೋಣ. ಕಂತಲ್ಲಿ ಕೊಡ್ತಾರೆ," ಎಂದ.

"ಇದಕ್ಕೇನಾಗಿದೆ?" ಎಂದಳು ಅಜ್ಜಿ ತನ್ನ ಕುರ್ಚಿಯಿಂದ.

"ಏನಾಗಿದೆ ಅಂದ್ರೆ! ತಂಪು ಮಾಡಲ್ಲ, ಲಾರಿ ಥರ ಸದ್ದು ಮಾಡುತ್ತೆ. ಅದು ಫ್ರಿಜ್ಜಾ ಬೀರುವಾ ಅಮ್ಮಾ?"

"ಬೀರು ಸದ್ದು ಮಾಡಲ್ಲ," ಎಂದಳು ಮೊಮ್ಮಗಳು ಬಾಯಿ ತುಂಬಾ ಬ್ರೆಡ್ಡು ಇಟ್ಟುಕೊಂಡು. ಅವಳನ್ನು ಎಲ್ಲರೂ ಪಿಟೀಲು ಎನ್ನುತ್ತಿದ್ದರು. ಕೂಸಾಗಿದ್ದಾಗ ಅವಳು ಅಳುತ್ತಿದ್ದ ರಾಗಕ್ಕೆ ತಾತ ಇಟ್ಟ ಹೆಸರು.

"ನೀನು ಸುಮ್ನೆ ತಿನ್ನು," ಎಂದು ಸೊಸೆ ಗದರಿದಳು. "ಅತ್ತೆ, ನಾನು ನಿಂತ್ಕೊಂಡೇ ರಾತ್ರಿ ಕಳೆದು ಬರೋಳು. ನನ್ನ ತಲೆಯೊಳಗೇ ಯಾರೋ ಹಿಟ್ಟಿನ ಗಿರಣಿ ಇಟ್ಟ ಹಾಗಾಗುತ್ತೆ."

"ಮಂಚ ಆಚೆ ಗೋಡೆಗೆ ಹಾಕ್ಕೋ."

"ಆಚೆ ಗೋಡೆಗೆ ಕಿಟಕಿ ಇದೆ. ಬೀದಿ ಪೂರ್ತಿ ನನ್ನ ಜೊತೆ ಮಲಗುತ್ತೆ."

"ನಾನು ಹೋದ ಮೇಲೆ ಬದಲಾಯಿಸ್ಕೊಳ್ಳಿ," ಎಂದಳು ಅಜ್ಜಿ.

ಮಗ ಬೆಣ್ಣೆಚಾಕುವನ್ನು ಮೇಜಿಗೆ ಕುಕ್ಕಿದ. "ನೀನು ಹೋಗೋದಕ್ಕೂ ಫ್ರಿಜ್ಜಿಗೂ ಏನಮ್ಮಾ ಸಂಬಂಧ? ಯಾವ ಮಾತಿಗೆ ಬೇಕಾದ್ರೂ ಸಾವನ್ನ ತಂದು ನಿಲ್ಲಿಸ್ತೀಯಲ್ಲ!"

ಅಜ್ಜಿ ಮುಖ ಗಂಟು ಹಾಕಿಕೊಂಡು ಬೀನ್ಸಿನ ಕಡೆ ತಿರುಗಿದಳು. ಮಗನ ದನಿ ಬಿಸಿಲಿಗೆ ಬಿಟ್ಟ ಹಗ್ಗದ ಬಣ್ಣ, ಸಿಟ್ಟು ಬಂದರೆ ಎಳೆ ಬಿಚ್ಚಿಕೊಳ್ಳುತ್ತದೆ. ಈಗ ಎಲ್ಲ ಎಳೆಯೂ ಬಿಚ್ಚಿತ್ತು. ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಏಳು ವರ್ಷದವಳು ಹೇಳಿದರೆ ಕಣ್ಣಿನ ಡಾಕ್ಟರು. ಎಪ್ಪತ್ತರ ಮುದುಕಿ ಹೇಳಿದರೆ ಇನ್ನೂ ದೊಡ್ಡ ಡಾಕ್ಟರು.

*

ಆ ವಾರದಲ್ಲೇ ಪಿಟೀಲು ಶಾಲೆಯಿಂದ ಅಳುತ್ತ ಬಂದಳು. ಲೆಕ್ಕದಲ್ಲಿ ಎಲ್ಲ ತಪ್ಪು. ಮಗ ಕೆಲಸದಲ್ಲಿದ್ದ, ಸೊಸೆ ಮಲಗಿದ್ದಳು. ಅಜ್ಜಿ ಅವಳ ಮುಂದೆ ಹೆಚ್ಚಿದ ಸೌತೆಕಾಯಿ ಇಟ್ಟಳು.

"ಬರೋ ಲೆಕ್ಕ ತಾನೆ? ಯಾಕೆ ತಪ್ಪಿದೆ?"

"ಟೀಚರ್ ಹೊಸ ಚಾರ್ಟು ಹಾಕಿದ್ದಾರೆ. ಅದರಲ್ಲಿ ನಾಲ್ಕನ್ನ ನೀಲಿ ಮಾಡಿದ್ದಾರೆ ಅಜ್ಜಿ. ನಾಲ್ಕು ಎಲ್ಲಾದ್ರೂ ನೀಲಿ ಇರುತ್ತಾ? ಕೆಂಪು ಅದು! ನೀಲಿ ಇರೋದು ಒಂಬತ್ತು. ನಾನು ಒಂಬತ್ತು ಅಂತ ಕೂಡಿದೆ."

ಅಜ್ಜಿ ಚಾಕು ಕೆಳಗಿಟ್ಟಳು. ಸೊಸೆಯ ಕೋಣೆಯ ಬಾಗಿಲು ಮುಚ್ಚಿದೆಯೇ ಎಂದು ನೋಡಿದಳು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಇಷ್ಟು ವರ್ಷದ ಮೇಲೆ ಮನೆಯಲ್ಲಿ ತನ್ನಂಥವಳು ಒಬ್ಬಳು.

"ಪಿಟೀಲೂ, ಈಗ ಕೇಳು. ಫ್ರಿಜ್ಜು ಗುಂಯ್ ಅಂತಿದೆಯಲ್ಲ, ಅದು ಯಾವ ಬಣ್ಣ?"

"ಬಿಳಿ. ಹ್ಯಾಂಡಲ್ ಹತ್ರ ತುಕ್ಕು."

"ಫ್ರಿಜ್ಜಲ್ಲ ಕಣೇ. ಅದರ ಸದ್ದು."

ಪಿಟೀಲು ಅಳು ಮರೆತು ಅಜ್ಜಿಯ ಮುಖವನ್ನೇ ನೋಡಿದಳು. "ಸದ್ದಿಗೆ ಬಣ್ಣ ಇರುತ್ತಾ? ನಿಂಗೇನು ಹುಚ್ಚಾ ಅಜ್ಜಿ?"

"ನಾಲ್ಕಕ್ಕೆ ಇರಬಹುದು, ಸದ್ದಿಗೆ ಇರಬಾರದಾ?"

"ನಾಲ್ಕನ್ನ ಬರೀಬಹುದು. ಸದ್ದನ್ನ ಬರೆಯೋಕಾಗುತ್ತಾ?"

ಅಜ್ಜಿ ಸೌತೆಕಾಯಿಯ ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿದಳು. ಆಮೇಲೆ ಹೇಳಿದಳು. ನೆನೆದ ಇಟ್ಟಿಗೆ, ತಾತನ ಪೆನ್ಸಿಲ್ಲು, ಪೂರ್ಣವಿರಾಮ, ಎಲ್ಲ. ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡಳು. ಪಿಟೀಲು ಸೌತೆಕಾಯಿ ಕಡಿಯುತ್ತ ಕೇಳಿಸಿಕೊಂಡು, "ತಾತ ನಂಗೆ ಹಸಿರು," ಎಂದಳು. "ತ ಅಂದ್ರೆ ಹಸಿರು. ಎರಡು ತ ಇದೆಯಲ್ಲ, ಅದಕ್ಕೆ."

"ಎಲ್ಲಿ ಬರೆದರೂ?"

"ಎಲ್ಲಿ ಬರೆದರೂ. ಗಾಳೀಲಿ ಬರೆದರೂ."

"ನಿಂದೇ ಪುಣ್ಯ," ಎಂದಳು ಅಜ್ಜಿ. "ಬೇಕು ಅಂದಾಗ ಬರ್ಕೋತೀಯ."

*

ರಟ್ಟು ಸೊಸೆಯ ಕೈಗೆ ಸಿಕ್ಕಿದ್ದು ಎರಡು ವಾರದ ನಂತರ. ಮೊಟ್ಟೆ ತೆಗೆಯಲು ಹೋದವಳು ಬಾಗಿಲ ಸಂದಿಯಿಂದ ಅದನ್ನು ಎಳೆದು, ಅಜ್ಜಿಯ ಮೂಗಿನ ಮುಂದೆ ಹಿಡಿದಳು. ಮಗನೂ ಅಲ್ಲೇ ಇದ್ದ.

"ಇದು ತಾನಾಗೇ ನಡ್ಕೊಂಡು ಬಂತಾ ಅತ್ತೆ?"

"ಯಾವುದು?"

"ನೋಡ್ರೀ, ಯಾವುದು ಅಂತೆ! ನಾನು ತಿಂಗಳಿಂದ ಹಾಲಿನವನ ಹತ್ರ ಜಗಳ ಆಡ್ತಿದ್ದೀನಿ. ಅವನು ಪಾಪ, 'ಸಿಸ್ಟರ್, ನನ್ನ ಹಸು ನೋಡ್ಕೊಂಡು ಬನ್ನಿ ಬೇಕಾದ್ರೆ' ಅಂತಾನೆ."

"ಅಮ್ಮ, ಇದನ್ನ ನೀನಿಟ್ಟೆಯಾ?" ಎಂದ ಮಗ.

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಅದು ನಿಮ್ಮಪ್ಪ ತಂದ ಫ್ರಿಜ್ಜು," ಎಂದಳು.

"ಸರಿ. ಅದಕ್ಕೆ ರಟ್ಟು ಯಾಕೆ?"

"ಅದನ್ನ ಕೊಡಬೇಡಿ. ಅಷ್ಟೇ ನಾನು ಕೇಳೋದು."

ಅರ್ಧ ನಿಜ ಹೇಳಿದ್ದಳು. ಉಳಿದರ್ಧ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಮಗ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೋಣೆಗೆ ಹೋದರು. ಮುಚ್ಚಿದ ಕೋಣೆಯೊಳಗೆ ನಡೆದ ಮಾತು ಅಜ್ಜಿಗೆ ಅರ್ಧಂಬರ್ಧ ಕೇಳಿಸಿತು. "ಬೇಕಂತಲೇ ಮಾಡಿ ಯಾಕೆ ಅಂತ ಹೇಳೋಕೆ ಬರ್ತಿಲ್ಲ ಅಂದ್ರೆ... ಶುರುವಾಗೋದೇ ಹೀಗೆ ರೀ, ನಾನು ವಾರ್ಡಲ್ಲಿ ದಿನಾ ನೋಡ್ತೀನಿ." ಮಗ ಏನೋ ಗೊಣಗಿದ. ಗೋಡೆಯ ಆಚೆ ತಾಮ್ರದ ಬಣ್ಣ, ಹಗ್ಗದ ಬಣ್ಣ, ಮತ್ತೆ ತಾಮ್ರದ ಬಣ್ಣ.

ಹೊರಗೆ ಬಂದಾಗ ಇಬ್ಬರ ಮುಖವೂ ಮೆತ್ತಗಾಗಿತ್ತು. "ಅಪ್ಪನ ನೆನಪು ಅಂತ ತಾನೆ ಅಮ್ಮಾ? ಮೊದಲೇ ಹೇಳೋದಲ್ವಾ?" ಎಂದ ಮಗ. "ಫ್ರಿಜ್ಜು ಎಲ್ಲೂ ಹೋಗಲ್ಲ. ಇಲ್ಲೇ ಇರುತ್ತೆ. ಆಯ್ತಾ?"

"ಆಯ್ತು," ಎಂದಳು ಅಜ್ಜಿ. ಗೆದ್ದೆ ಎಂದುಕೊಂಡಳು.

"ಆದರೆ ಶನಿವಾರ ನನ್ನ ಜೊತೆ ಆಸ್ಪತ್ರೆಗೆ ಬರಬೇಕು ನೀವು," ಎಂದಳು ಸೊಸೆ. "ಸುಮ್ನೆ ಒಂದು ಚೆಕಪ್ಪು."

*

ಮರೆವಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಇದು ಯಾವ ತಿಂಗಳು, ಗಡಿಯಾರದ ಚಿತ್ರ ಬರೀರಿ, ನೂರರಲ್ಲಿ ಏಳು ಕಳೆಯುತ್ತ ಬನ್ನಿ. ಸೇಬು, ಮೇಜು, ನಾಣ್ಯ ಎಂಬ ಮೂರು ಮಾತು ಹೇಳಿ, ಆಮೇಲೆ ಕೇಳ್ತೀನಿ ಎಂದರು. ಅಜ್ಜಿ ಎಲ್ಲವನ್ನೂ ಹೇಳಿದಳು, ಮೂರು ಮಾತನ್ನು ಹಿಂದುಮುಂದಾಗಿಯೂ ಹೇಳಿದಳು. ಡಾಕ್ಟರು ಸೊಸೆಯ ಕಡೆ ತಿರುಗಿ ನಕ್ಕರು. "ಇವರಿಗೆ ಏನೂ ಇಲ್ಲ ಸಿಸ್ಟರ್. ನಮಗಿಂತ ಚೆನ್ನಾಗಿದ್ದಾರೆ."

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸೊಸೆ ದಾರಿಯಲ್ಲಿ ಕೊಂಡ ಕಿತ್ತಳೆ ಹಣ್ಣನ್ನು ಸುಲಿದು ಎಸಳು ಕೊಟ್ಟಳು. ಏನೂ ಇಲ್ಲ ಎಂಬ ಮಾತು ಅಜ್ಜಿಯ ಕೈಯಲ್ಲಿ ಮೊಹರು ಬಿದ್ದ ಕಾಗದದ ಹಾಗಿತ್ತು. ಇನ್ನು ಹೇಳಬಹುದು. ತಲೆ ಕೆಟ್ಟಿಲ್ಲವೆಂದು ಡಾಕ್ಟರೇ ಹೇಳಿಯಾಗಿದೆ.

"ಒಂದು ಮಾತು ಹೇಳಿದ್ರೆ ನಗಬಾರದು," ಎಂದಳು.

"ನಗಲ್ಲ, ಹೇಳಿ."

"ನಂಗೆ ಸದ್ದು ಕಾಣಿಸುತ್ತೆ. ಬಣ್ಣ ಬಣ್ಣವಾಗಿ."

ಸೊಸೆ ಎಸಳು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಇರುತ್ತೆ ಅತ್ತೆ ಅಂಥದ್ದು. ಅದಕ್ಕೊಂದು ಹೆಸರೂ ಇದೆ, ಓದುವಾಗ ಬಾಯಿಪಾಠ ಮಾಡಿದ್ದೆ. ಈಗ ಮರೆತುಹೋಗಿದೆ."

"ಹಾಗಾದ್ರೆ ಡಾಕ್ಟರ ಹತ್ರ ನಿನ್ನನ್ನ ಕೂರಿಸಬೇಕಿತ್ತು."

ಸೊಸೆ ಕೊಟ್ಟ ಮಾತು ಮರೆತು ನಕ್ಕಳು. "ನಮ್ಮ ವಾರ್ಡಲ್ಲಿ ಒಬ್ಬರಿದ್ರು. ಯಾರ ಹೆಸರು ಕೇಳಿದ್ರೂ ಬಾಯಲ್ಲಿ ಒಂದೊಂದು ರುಚಿ ಬರುತ್ತೆ ಅನ್ನೋರು. ನನ್ನ ಹೆಸರು ಹಸಿ ಆಲೂಗಡ್ಡೆ ಅಂತೆ! 'ಊಟದ ಹೊತ್ತಿಗೆ ನಿಮ್ಮ ಹೆಸರು ಎತ್ತಬೇಡಿ ಸಿಸ್ಟರ್' ಅಂತ ಕೈ ಮುಗಿಯೋರು. ನನ್ನ ದನಿ ಹೇಗಿದೆ ನಿಮಗೆ?"

"ತಾಮ್ರದ ತಂತಿ. ಸಿಟ್ಟು ಬಂದ್ರೆ ಕಾಯುತ್ತೆ."

"ಯಾವಾಗಲೂ ಕಾದೇ ಇರುತ್ತೆ ಅನ್ನಿ."

ಇಬ್ಬರೂ ನಕ್ಕರು. ಮದುವೆಯಾಗಿ ಬಂದಾಗಿನಿಂದ ಇವಳ ಜೊತೆ ಹೀಗೆ ನಕ್ಕಿದ್ದು ಅಜ್ಜಿಗೆ ನೆನಪಿರಲಿಲ್ಲ. ಇಷ್ಟು ಸುಲಭವಾಗಿತ್ತೇ ಎನಿಸಿತು. ಆ ಧೈರ್ಯದಲ್ಲಿ ಉಳಿದರ್ಧವನ್ನೂ ಹೇಳಿದಳು. "ಆ ಫ್ರಿಜ್ಜು ಇದೆಯಲ್ಲ, ಅದರ ಸದ್ದು ನಿಮ್ಮ ಮಾವನ ದನಿ ಬಣ್ಣ. ಅಚ್ಚು ಅದೇ. ಅದು ನಿಲ್ಲಬಾರದು ಅಂತ ರಟ್ಟು ಇಡ್ತಿದ್ದೆ. ಇನ್ನು ಇಡಲ್ಲ. ತಾನಾಗಿ ಎಷ್ಟು ಹೊತ್ತು ಬರುತ್ತೋ ಅಷ್ಟು ಸಾಕು. ನಿನ್ನ ಮಂಚದ ಜಾಗಕ್ಕೆ ಏನಾದ್ರೂ ಮಾಡೋಣ. ನನ್ನ ಕೋಣೇಲಿ ನೀನು ಮಲಗು."

ಸೊಸೆ ನಗುತ್ತಿರಲಿಲ್ಲ. ಕಿತ್ತಳೆಯನ್ನು ಅಜ್ಜಿಯ ಮಡಿಲಿಗೆ ಹಾಕಿ ಬ್ಯಾಗಿನಲ್ಲಿ ಫೋನು ಹುಡುಕುತ್ತಿದ್ದಳು.

"ಏನೇ?"

"ಇವರು ಮನೆಗೆ ರಿಪೇರಿಯವನನ್ನ ಕರೆಸಿದ್ದಾರೆ ಅತ್ತೆ. ನೀವು ಬರೋ ಹೊತ್ತಿಗೆ ಸರಿಮಾಡಿಸಿ ಇಡ್ತೀನಿ, ಅಮ್ಮಂಗೆ ಖುಷಿಯಾಗುತ್ತೆ ಅಂತ..." ಫೋನು ಕಿವಿಗೆ ಹಿಡಿದಳು. ರಿಂಗಾಯಿತು, ನಿಂತಿತು. ಮತ್ತೆ ಮಾಡಿದಳು. "ಎತ್ತುತ್ತಿಲ್ಲ. ಎತ್ರೀ... ಎತ್ರೀ..."

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತ್ತು. ಮುಂದಿನ ಬೈಕಿನವನೊಬ್ಬ ಸುಮ್ಮನೆ ಹಾರನ್ನು ಒತ್ತುತ್ತಿದ್ದ. ಅಜ್ಜಿ ಅದರ ಸುಣ್ಣದಂಥ ಬಿಳಿಯನ್ನೇ ನೋಡುತ್ತ, ಕಿತ್ತಳೆ ಎಸಳನ್ನು ಹಿಡಿದು ಕೂತಳು.

*

ಮನೆಯ ಬಾಗಿಲು ತೆರೆದಿತ್ತು. ರಿಪೇರಿಯವನು ಅಡುಗೆಮನೆಯಲ್ಲಿ ನಿಂತು ಚಹಾ ಕುಡಿಯುತ್ತಿದ್ದ. ಮಗನ ಮೊಣಕಾಲಿಗೆ, ಅಂಗಿಗೆ ದೂಳು. ಟಾರ್ಚು ಇನ್ನೂ ಕೈಯಲ್ಲಿತ್ತು. ಫೋನು ನಡುಮನೆಯ ಸೋಫಾದ ಮೇಲೆ ಬಿದ್ದಿತ್ತು.

"ಬಾರಮ್ಮಾ! ಬಾ, ಬಾ. ಕೇಳು!"

"ಏನು?"

"ಅದೇ! ಏನೂ ಇಲ್ಲ!" ಅವನ ಮುಖ ಅರಳಿತ್ತು. "ಓಡ್ತಿದೆ, ಗೊತ್ತೇ ಆಗಲ್ಲ!"

ಅಜ್ಜಿ ಚಪ್ಪಲಿ ಬಿಡದೆಯೇ ಒಳಗೆ ಹೋದಳು. ಫ್ರಿಜ್ಜಿನ ಮೈಗೆ ಅಂಗೈ ಇಟ್ಟಳು. ಓಡುತ್ತಿತ್ತು. ಅಂಗೈಗೆ ಸಣ್ಣ ನಡುಕ ತಾಗುತ್ತಿತ್ತು. ಕಿವಿಗೆ ಏನೂ ಬೀಳುತ್ತಿರಲಿಲ್ಲ. ಒಂದು ಮಾರು ದೂರದಲ್ಲಿ ಗೋಡೆ ಇತ್ತು, ಗೋಡೆಯ ಬಣ್ಣ ಇತ್ತು.

"ಮೋಟರ್ ಕೆಳಗಿನ ರಬ್ಬರ್ ಬುಶ್ಶು ಕಲ್ಲಾಗಿದ್ವು ಅಮ್ಮಾ, ಅದಕ್ಕೇ ಅಷ್ಟು ಸದ್ದು," ಎಂದ ರಿಪೇರಿಯವನು. "ಹಿಂದೆ ಪೈಪೊಂದು ತಗಡಿಗೆ ತಾಗ್ತಿತ್ತು, ಬಗ್ಗಿಸಿದ್ದೀನಿ. ಬಾಗಿಲಿಗೆ ಹೊಸ ಪಟ್ಟಿ. ಇನ್ನು ಯೋಚನೆ ಇಲ್ಲ."

"ಹಳೇ ಬುಶ್ಶು ಎಲ್ಲಿ?" ಎಂದಳು ಸೊಸೆ.

ಅವನು ನೆಲದ ಮೇಲಿನ ಪೇಪರು ತೋರಿಸಿದ. ಕಪ್ಪು ಪುಡಿ, ಚೂರು. "ತೆಗೆಯೋವಾಗಲೇ ಒಡೆದುಹೋದ್ವು. ಯಾಕೆ ಸಿಸ್ಟರ್?"

ಅವನು ಹೋದ ಮೇಲೆ ಸೊಸೆ ಗಂಡನಿಗೆ ಎಲ್ಲ ಹೇಳಿದಳು. ಅವನು ಕೇಳುತ್ತ ಕೇಳುತ್ತ ಅಜ್ಜಿಯ ಕುರ್ಚಿಯಲ್ಲೇ ಕುಸಿದು ಕೂತ. "ಅಮ್ಮಾ, ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

ಶಾಲೆಯಿಂದ ಆಗಷ್ಟೇ ಬಂದಿದ್ದ ಪಿಟೀಲು ಬಾಗಿಲಲ್ಲಿ ಬ್ಯಾಗು ಹೊತ್ತುಕೊಂಡೇ ನಿಂತಿದ್ದಳು. "ನಂಗೆ ಗೊತ್ತಿತ್ತು," ಎಂದಳು. "ಅಜ್ಜಿ ಯಾರಿಗೂ ಹೇಳಬೇಡ ಅಂದಿದ್ಲು."

ಯಾರೂ ಅವಳನ್ನು ಗದರಲಿಲ್ಲ.

*

ಭಾನುವಾರ ಮಗ ಇಕ್ಕಳ ಹಿಡಿದು ಫ್ರಿಜ್ಜಿನ ಹಿಂದೆ ಕೂತ. ಪೈಪನ್ನು ತಗಡಿಗೆ ತಾಗಿಸಿದ. ಅದು ಜುಂಯ್ ಎಂದಿತು.

"ಈಗ?"

"ಹಸಿರು," ಎಂದಳು ಅಜ್ಜಿ ಕುರ್ಚಿಯಿಂದ.

ಒಂದಿಷ್ಟು ಸರಿಸಿದ. "ಈಗ?"

"ಬೂದಿ."

ಸೊಸೆ ಫ್ರಿಜ್ಜಿನ ಕಾಲಿಗೆ ರಟ್ಟು ಕೊಟ್ಟು ನೋಡಿದಳು. ಪಿಟೀಲು ಮೇಲೆ ತಟ್ಟೆ ಇಟ್ಟು ನೋಡಿದಳು. ಬೂದಿ, ಕಡುಬೂದಿ, ಒಮ್ಮೆ ಯಾವುದೋ ಕೆಟ್ಟ ಹಳದಿ. ಒಂದು ಸಲ ಅಜ್ಜಿ ಕುರ್ಚಿಯಿಂದ ಅರ್ಧ ಎದ್ದಳು, ಮಗ ಇಕ್ಕಳವನ್ನು ಅಲ್ಲೇ ತಡೆದ. "ಅಲ್ಲ," ಎಂದು ಕೂತಳು. "ಒಣಗಿದ್ದು."

"ಇನ್ನೂ ಬಗ್ಗಿಸಿದ್ರೆ ಗ್ಯಾಸು ಹೋಗುತ್ತೆ ರೀ," ಎಂದಳು ಸೊಸೆ ಮೆಲ್ಲಗೆ.

ಮಗ ಇಕ್ಕಳ ಕೆಳಗಿಟ್ಟ. ಎದ್ದು ಬರಲಿಲ್ಲ, ಫ್ರಿಜ್ಜಿನ ಹಿಂದಿನಿಂದಲೇ ಕೇಳಿದ. "ಅಮ್ಮಾ, ನನ್ನ ದನೀಲಿ ಅಪ್ಪಂದು ಸ್ವಲ್ಪಾನೂ ಇಲ್ವಾ?"

ಅಜ್ಜಿ ಸುಳ್ಳು ಹೇಳಬಹುದಿತ್ತು. ಇಷ್ಟು ದಿನ ಅರ್ಧರ್ಧ ಹೇಳಿಯೇ ಹೀಗಾಗಿತ್ತು. "ಇಲ್ಲ ಮಗಾ," ಎಂದಳು. "ನಿಂದು ಹಗ್ಗದ ಬಣ್ಣ."

"ಹಗ್ಗ," ಎಂದ ಅವನು.

"ಗಟ್ಟಿ ಹಗ್ಗ."

ಅವನು ಪೈಪನ್ನು ರಿಪೇರಿಯವನು ಬಿಟ್ಟುಹೋಗಿದ್ದ ಹಾಗೆ ಸರಿಸಿ, ಫ್ರಿಜ್ಜನ್ನು ಗೋಡೆಗೆ ತಳ್ಳಿ, ಕೈ ತೊಳೆಯಲು ಹೋದ. ನಲ್ಲಿ ಬಹಳ ಹೊತ್ತು ಸುರಿಯಿತು. ಮಧ್ಯಾಹ್ನದ ಊಟಕ್ಕೆ ಅಜ್ಜಿ ತನ್ನ ಕುರ್ಚಿಯನ್ನು ತಾನೇ ಎಳೆದುಕೊಂಡು ನಡುಮನೆಗೆ ಬಂದಳು.

ಈಗ ಹಾಲು ಒಡೆಯುವುದಿಲ್ಲ. ಸೊಸೆ ಪಾಳಿ ಮುಗಿಸಿ ಬಂದು ನಿದ್ದೆ ಮಾಡುತ್ತಾಳೆ. ಪಿಟೀಲು ಶಾಲೆಯ ಚಾರ್ಟನ್ನು ನೋಡದೆ ಲೆಕ್ಕ ಮಾಡುವುದನ್ನು ಕಲಿತಿದ್ದಾಳೆ. ಫ್ರಿಜ್ಜು ಅದೇ ಮೂಲೆಯಲ್ಲಿದೆ, ಎಲ್ಲೂ ಹೋಗಿಲ್ಲ. ಹೋದದ್ದು ನಾಲ್ಕು ರಬ್ಬರ್ ಬುಶ್ಶು, ಬಾಗಿಲ ಹಳೇ ಪಟ್ಟಿ, ಒಂದು ಚೂರು ರಟ್ಟು, ಒಂದು ಬಣ್ಣ.